ಮನೆಗೆಲಸ: ಸಂಗೀತಾಭ್ಯಾಸದ ಕೊಠಡಿಗೆ ನಾದ ಹೀರುವ ಚೌಕಟ್ಟುಗಳು

ನಮ್ಮ ಹಿರಿಯರ ಕಾಲದ ತೊಟ್ಟಿಯ ಮನೆಗಳಲ್ಲಿ ಸಂಗೀತದ ಅಭ್ಯಾಸಕ್ಕೆಂದು ಪ್ರತ್ಯೇಕವಾದ ಕೊಠಡಿ ಇರುತ್ತಿರಲಿಲ್ಲ; ಇರಬೇಕಾದ ಅಗತ್ಯವೂ ತೋರುತ್ತಿರಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತು ಹಾಡಿದರೆ ದನಿಯಲ್ಲಿ ಬಹುಭಾಗವು ತೊಟ್ಟಿಯ ಮೇಲಿನ ಆಕಾಶಕ್ಕೆ ಹೊರಟುಹೋಗುತ್ತಿತ್ತು. ಉಳಿದುದನ್ನು ಹೆಂಚಿನ ಸಂದುಗಳು, ಮೂಲೆಯಲ್ಲಿ ಪೇರಿಸಿದ ಭತ್ತದ ಮೂಟೆಗಳು, ಗಳುವಿನ ಮೇಲೆ ಒಣಹಾಕಿದ ಸೀರೆಗಳು, ಸುರುಳಿ ಸುತ್ತಿಟ್ಟ ಹಾಸಿಗೆಗಳು ಸ್ವಲ್ಪ ಸ್ವಲ್ಪವಾಗಿ ಹೀರಿಕೊಳ್ಳುತ್ತಿದ್ದುವು. ಈಗಿನ ಮನೆಗಳ ಸ್ಥಿತಿಯೇ ಬೇರೆ. ಸಿಮೆಂಟಿನ ಗೋಡೆ, ಕಾಂಕ್ರೀಟಿನ ಮಾಳಿಗೆ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಟೈಲಿನ ನೆಲ, ಅಗಲವಾದ ಗಾಜಿನ ಕಿಟಕಿ. ಇಂತಹ ಹತ್ತಡಿ ಹನ್ನೆರಡಡಿಯ ಕೊಠಡಿಯಲ್ಲಿ ಮಗುವೊಂದು ಸರಳೆ ವರಸೆಯನ್ನು ಎರಡನೆಯ ಕಾಲದಲ್ಲಿ ಹಾಡತೊಡಗಿದರೆ, ಒಂದು ಸ್ವರ ಬಾಯಿಂದ ಹೊರಡುವಾಗ ಅದರ ಹಿಂದಿನ ಮೂರು ನಾಲ್ಕು ಸ್ವರಗಳು ಗೋಡೆಗಳ ನಡುವೆ ಇನ್ನೂ ಅಲೆದಾಡುತ್ತಿರುತ್ತವೆ.

ಈ ವಿಷಯವನ್ನು ಕುರಿತು ಬರೆಯುವಂತೆ ನಮ್ಮನ್ನು ಕೇಳಿದವರು ಹಲವರು. ಅವರಲ್ಲಿ ಒಬ್ಬ ತಾಯಿಯವರ ಪತ್ರವು ನಮ್ಮನ್ನು ಹೆಚ್ಚಾಗಿ ಯೋಚನೆಗೆ ಹಚ್ಚಿತು. ಅವರ ಮಗಳು ಪಿಟೀಲು ಕಲಿಯುತ್ತಿರುವಳು. ವಾಸಕ್ಕಿರುವುದು ಬಾಡಿಗೆಯ ಮನೆ; ಮೇಲೊಂದು ಸಂಸಾರ, ಕೆಳಗೊಂದು ಸಂಸಾರ. ಕೊಠಡಿಯಲ್ಲಿ ಪಿಟೀಲಿನ ದನಿಯು ಕರ್ಕಶವಾಗಿ ಕೇಳುವುದೆಂದು ಹುಡುಗಿಗೆ ಬೇಸರ. ಬೆಳಗಿನ ಸಾಧನೆಯಿಂದ ನಿದ್ದೆ ಕೆಡುವುದೆಂದು ನೆರೆಯವರ ಆಕ್ಷೇಪಣೆ. ಯಾರೋ ಹೇಳಿದರೆಂದು ಮೊಟ್ಟೆಯ ತಟ್ಟೆಗಳನ್ನು ತಂದು ಗೋಡೆಯ ತುಂಬ ಅಂಟಿಸಿದರಂತೆ. ಎರಡು ದೂರುಗಳೂ ಇದ್ದಂತೆಯೇ ಉಳಿದುವು. ಹುಡುಗಿಯು ಮಾತ್ರ ಆ ಕೊಠಡಿಯೊಳಕ್ಕೆ ಹೋಗುವುದನ್ನೇ ಕಡಿಮೆಮಾಡಿದಳು. ಐದು ವರ್ಷಗಳ ವಿದ್ಯೆಯು ಗೋಡೆಗಳ ದೆಸೆಯಿಂದ ನಿಂತುಹೋಗುವುದೆಂದರೆ ಅದು ಸಣ್ಣ ನಷ್ಟವಲ್ಲ. ಆದಕಾರಣ ಈ ತಿಂಗಳ ಪುಟಗಳನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆ ತಾಯಿಯವರ ಪ್ರಶ್ನೆ ಒಂದರಂತೆ ಕಂಡರೂ ಎರಡು. ಕೊಠಡಿಯೊಳಗಿನ ದನಿಯನ್ನು ಹದಗೊಳಿಸುವುದು ಒಂದು ಕೆಲಸ. ಒಳಗಿನ ದನಿಯು ಹೊರಕ್ಕೆ ಹೋಗದಂತೆ ತಡೆಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಬೇಕಾದುದು ಮೃದುವಾಗಿ, ಗಾಳಿಯಾಡುವಂತೆ, ದಪ್ಪವಾಗಿರುವ ವಸ್ತು. ಎರಡನೆಯದಕ್ಕೆ ಬೇಕಾದುದು ಭಾರವಾದ, ಎಲ್ಲಿಯೂ ಸಂದಿಲ್ಲದ ತಡೆ. ಒಂದಕ್ಕೆ ಮಾಡಿದ ಉಪಾಯವು ಇನ್ನೊಂದಕ್ಕೆ ಬಹಳವಾಗಿ ಒದಗುವುದಿಲ್ಲ. ಹತ್ತಿಯ ರಜಾಯಿಯನ್ನು ನೀರಿನ ತೊಟ್ಟಿಗೆ ಮುಚ್ಚಳವಾಗಿ ಹಾಕಿದರೆ ನೀರು ನಿಲ್ಲುವುದೆ? ಮೊಟ್ಟೆಯ ತಟ್ಟೆಯಂತೂ ಎರಡಕ್ಕೂ ನಿಷ್ಪ್ರಯೋಜಕ. ಅದು ತೆಳುವಾದ ಕಾಗದದ ಸಿಪ್ಪೆ. ಹೀರಲು ದಪ್ಪವಿಲ್ಲ, ತಡೆಯಲು ತೂಕವಿಲ್ಲ. ಬೆಂಕಿ ತಗುಲಿದರೆ ಮಾತ್ರ ಚೆನ್ನಾಗಿ ಉರಿಯುವುದು. ಥರ್ಮೋಕೋಲಿನ ಹಲಗೆಯೂ ಹಾಗೆಯೇ. ಅದರೊಳಗಿನ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ಗಾಳಿಯು ಒಳಹೋಗಲಾರದು. ಗಾಳಿ ಹೋಗದ ಕಡೆ ನಾದವೂ ಹೋಗಿ ಅಡಗಲಾರದು.

ನಾದವೆಂದರೆ ಗಾಳಿಯ ಕಣಗಳ ಹಿಂದುಮುಂದಿನ ಚಲನೆ. ಈ ಚಲನೆಯು ಸೆಕೆಂಡಿಗೆ ಸುಮಾರು 1130 ಅಡಿಯ ವೇಗದಲ್ಲಿ ಹರಡುವುದು. ವಿಜಾಪುರದ ಗೋಲಗುಮ್ಮಟದಂತಹ ಮಹಾಗುಮ್ಮಟದಡಿಯಲ್ಲಿ ಹೋದ ದನಿಯು ತಿರುಗಿ ಬರಲು ಸಾಕಷ್ಟು ಹೊತ್ತು ಹಿಡಿಯುವುದರಿಂದ ನಮಗೆ ಪ್ರತಿಧ್ವನಿಯು ಬೇರೆಯಾಗಿಯೇ ಕೇಳಿಸುವುದು. ಹನ್ನೆರಡಡಿಯ ಕೊಠಡಿಯಲ್ಲಾದರೋ ಅದು ಗೋಡೆಗೆ ತಾಗಿ ಮರಳುವುದಕ್ಕೆ ಒಂದು ಸೆಕೆಂಡಿನ ನಲವತ್ತರಲ್ಲೊಂದು ಪಾಲೂ ಬೇಡ. ಕಿವಿಯು ಅದನ್ನು ಬೇರೆಯಾಗಿ ಎಣಿಸಲಾರದು. ಮೂಲದ ದನಿಗೆ ಅಂಟಿಕೊಂಡ ಬಾಲವಾಗಿ ಕೇಳುವುದು. ಈ ಬಾಲಕ್ಕೆ ಅನುರಣನವೆಂದು ಹೆಸರು. ಅದು ಸ್ವಲ್ಪವಿದ್ದರೆ ಹಾಡಿಗೆ ತುಂಬು ಬರುವುದು. ಹೆಚ್ಚಾದರೆ ಗಮಕದ ಅಂಚುಗಳೆಲ್ಲ ಕರಗಿ, ತಪ್ಪು ಒಪ್ಪುಗಳೆರಡೂ ಒಂದೇ ಪಾಕವಾಗುವುವು. ಇಂತಹ ಕೊಠಡಿಯಲ್ಲಿ ವರ್ಷಗಟ್ಟಲೆ ಅಭ್ಯಾಸಮಾಡಿದ ವಿದ್ಯಾರ್ಥಿಗೆ ತನ್ನ ಕಮಾನಿನ ಕೊರೆತವಾಗಲಿ ಸ್ವರಸ್ಥಾನದ ಜಾರುವಿಕೆಯಾಗಲಿ ಕಿವಿಗೆ ಬೀಳುವುದೇ ಇಲ್ಲ. ಗುರುಗಳ ಎದುರಿಗೆ ಬೇರೊಂದು ಮನೆಯಲ್ಲಿ ನುಡಿಸುವಾಗ ಅವು ಒಮ್ಮೆಲೇ ಹೊರಬೀಳುವುವು.

ಕೊಠಡಿಯ ನಾದವನ್ನು ಅಳತೆಗೆ ತಂದ ಕೀರ್ತಿಯು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೆಸ್ ಸ್ಯಾಬೈನ್ ಎಂಬ ಯುವ ಅಧ್ಯಾಪಕರಿಗೆ ಸಲ್ಲುವುದು. ಅಲ್ಲಿ ಹೊಸದಾಗಿ ಕಟ್ಟಿದ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸಮಂದಿರದಲ್ಲಿ ಮಾತನಾಡಿದುದು ಯಾರಿಗೂ ತಿಳಿಯುತ್ತಿರಲಿಲ್ಲ. 1895ರಲ್ಲಿ ಇದನ್ನು ಸರಿಪಡಿಸುವ ಭಾರವು ಅವರ ಪಾಲಿಗೆ ಬಂದಿತು. ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಪೀಠಗಳ ಮೆತ್ತೆಗಳನ್ನು ರಾತ್ರಿಯಲ್ಲಿ ಹೊರಿಸಿಕೊಂಡು ಬಂದು, ಊರು ನಿಶ್ಶಬ್ದವಾದ ಮೇಲೆ ಆರ್ಗನ್ ವಾದ್ಯದ ಒಂದು ಕೊಳವೆಯನ್ನು ನುಡಿಸಿ ನಿಲ್ಲಿಸಿ, ದನಿಯು ಎಷ್ಟು ಹೊತ್ತಿಗೆ ಅಡಗುವುದೆಂದು ಅಳೆಯುತ್ತಿದ್ದರು. ಬೆಳಗಾಗುವುದರೊಳಗೆ ಮೆತ್ತೆಗಳು ಸ್ವಸ್ಥಾನವನ್ನು ಸೇರಬೇಕು. ಬರಿದಾದ ಮಂದಿರದಲ್ಲಿ ಐದೂವರೆ ಸೆಕೆಂಡಿಗೂ ಮೇಲ್ಪಟ್ಟು ಉಳಿಯುತ್ತಿದ್ದ ದನಿಯು ಮೆತ್ತೆಗಳನ್ನು ತುಂಬಿದಾಗ ಒಂದು ಸೆಕೆಂಡಿನ ಸಮೀಪಕ್ಕೆ ಇಳಿಯಿತು. ಮುಂದೆ 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಸಭಾಭವನವು ಅವರ ಲೆಕ್ಕವನ್ನು ಅನುಸರಿಸಿ ಕಟ್ಟಿದುದು. ಸ್ಯಾಬೈನರು ಹೀರುವ ಶಕ್ತಿಗೆ ಆರಿಸಿಕೊಂಡ ಮಾನವು ನಮಗೆ ಬಹಳ ಮೆಚ್ಚುಗೆಯಾಯಿತು: ತೆರೆದ ಕಿಟಕಿಯ ಒಂದು ಚದರಡಿ. ಅದರ ಮೂಲಕ ಹೋದ ದನಿಯು ಮರಳಿ ಬರುವುದಿಲ್ಲವಾದ್ದರಿಂದ ಅದು ಪೂರ್ಣವಾಗಿ ಹೀರಿದಂತೆಯೇ. ನಮ್ಮ ಹಳೆಯ ಮನೆಗಳ ತೊಟ್ಟಿಯು ಇಂತಹ ನೂರಾರು ಚದರಡಿಯ ತೆರೆದ ಕಿಟಕಿಯಲ್ಲದೆ ಮತ್ತೇನು!

ಲೆಕ್ಕವು ಅಂಗಡಿಯ ಲೆಕ್ಕದಷ್ಟು ಸುಲಭ. ಕೊಠಡಿಯ ಘನ ಅಡಿಗಳನ್ನು 0.049ರಿಂದ ಗುಣಿಸಿ, ಹೀರುವ ಒಟ್ಟು ಚದರಡಿಗಳಿಂದ ಭಾಗಿಸಿದರೆ ದನಿಯು ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯಲು ಬೇಕಾಗುವ ಸೆಕೆಂಡುಗಳು ದೊರೆಯುವುವು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೊಠಡಿಯ ಘನ ಅಡಿ 1200. ಗುಣಿಸಿದರೆ ಸುಮಾರು 59. ಗೋಡೆ, ನೆಲ, ಮಾಳಿಗೆಗಳೆಲ್ಲ ಸೇರಿ 680 ಚದರಡಿ. ಸಿಮೆಂಟು ಮತ್ತು ಟೈಲು ನೂರಕ್ಕೆ ಎರಡು ಮೂರು ಪಾಲು ಮಾತ್ರ ಹೀರುವುವಾದ್ದರಿಂದ ಅವೆಲ್ಲ ಕೂಡಿ ಇಪ್ಪತ್ತು ಚದರಡಿಯ ಕಿಟಕಿಗೆ ಸಮ. ಕುಳಿತಿರುವ ಒಬ್ಬ ಮನುಷ್ಯನು ಮತ್ತೆ ನಾಲ್ಕು. 59ನ್ನು 24ರಿಂದ ಭಾಗಿಸಿದರೆ ಎರಡೂವರೆ ಸೆಕೆಂಡು. ದೊಡ್ಡ ಸಭಾಭವನಕ್ಕೆ ಒಪ್ಪುವ ಈ ಕಾಲವು ಅಡಿಗೆಮನೆಯಷ್ಟಿರುವ ಕೊಠಡಿಯಲ್ಲಿ ಸಹಿಸಲಾಗದ ಗದ್ದಲ. ಅಭ್ಯಾಸಕ್ಕೆ ಅರ್ಧದಿಂದ ಮುಕ್ಕಾಲು ಸೆಕೆಂಡು ಹಿತವೆಂದು ನಮ್ಮ ಅಭಿಪ್ರಾಯ. 0.6 ಸೆಕೆಂಡು ಬೇಕೆಂದು ಇಟ್ಟುಕೊಂಡರೆ ಒಟ್ಟು 98 ಚದರಡಿ ಹೀರುವ ಶಕ್ತಿ ಬೇಕು. ಅಂದರೆ ಇನ್ನು 74ನ್ನು ನಾವು ಒದಗಿಸಬೇಕು. ಎರಡಡಿ ಅಗಲ, ನಾಲ್ಕಡಿ ಉದ್ದದ ಒಂದು ಒಳ್ಳೆಯ ಚೌಕಟ್ಟು ಏಳು ಚದರಡಿಯಷ್ಟು ಕೊಡುವುದು. ಎಂಟು ಚೌಕಟ್ಟುಗಳಿಂದ 56 ಆಯಿತು. ಉಳಿದುದಕ್ಕೆ ನೆಲದ ಮೇಲೊಂದು ದಪ್ಪ ಜಮಖಾನ, ಕಿಟಕಿಗೆ ನೆರಿಗೆ ಬಿಟ್ಟ ಭಾರದ ಪರದೆ ಸಾಕು.

ಕೊಳ್ಳುವುದಕ್ಕೆ ಮೊದಲು ಸ್ಯಾಬೈನರ ಹಾದಿಯಲ್ಲಿಯೇ ಒಂದು ಪರೀಕ್ಷೆ ಮಾಡಿನೋಡಬಹುದು. ಮನೆಯಲ್ಲಿರುವ ಕೌದಿ, ಕಂಬಳಿ, ರಜಾಯಿಗಳನ್ನೆಲ್ಲ ಹೊರತೆಗೆದು ಗೋಡೆಯಿಂದ ಗೇಣುದ್ದ ಬಿಟ್ಟು ಕಟ್ಟಿದ ಹಗ್ಗದ ಮೇಲೆ ಇಳಿಬಿಟ್ಟು ಒಂದು ಸಂಜೆ ಹಾಡಿರಿ, ನುಡಿಸಿರಿ. ಮೊದಲು ಬರಿಗೋಡೆಯಲ್ಲಿ, ಅನಂತರ ಹೀಗೆ ಮಾಡಿದ ಮೇಲೆ, ಮೊಬೈಲಿನಲ್ಲಿ ಒಂದೇ ಕೀರ್ತನೆಯನ್ನು ಹಿಡಿದಿಟ್ಟುಕೊಂಡು ಕೇಳಿದರೆ ಭೇದವು ಮನೆಯವರೆಲ್ಲರಿಗೂ ಗೊತ್ತಾಗುವುದು. ಕಾಸು ಖರ್ಚಿಲ್ಲದ ಈ ಪರೀಕ್ಷೆಯಿಂದ ತೃಪ್ತಿಯಾಗದವರು ಮುಂದಿನ ಕೆಲಸಕ್ಕೆ ಕೈಹಾಕುವ ಅಗತ್ಯವಿಲ್ಲ.

ಇನ್ನು ದಪ್ಪದ ವಿಚಾರ. ಎಲ್ಲರೂ ಎಡವುವುದು ಇಲ್ಲಿಯೇ. ನಾರಿನ ಸಂದುಗಳಲ್ಲಿ ಗಾಳಿಯು ಓಡಾಡುವಾಗ ಉಂಟಾಗುವ ಉಜ್ಜುವಿಕೆಯಿಂದ ನಾದದ ಶಕ್ತಿಯು ಅತ್ಯಲ್ಪವಾದ ಶಾಖವಾಗಿ ಮಾರ್ಪಡುವುದು, ಹೀರುವಿಕೆಯೆಂದರೆ ಇಷ್ಟೆ. ಆದರೆ ಗೋಡೆಯ ಮೈಗೆ ತಾಗಿದಂತೆ ಗಾಳಿಯು ಚಲಿಸಲಾರದು. ಅದರ ಓಟವು ಅತ್ಯಧಿಕವಾಗಿರುವುದು ಗೋಡೆಯಿಂದ ಅಲೆಯ ಉದ್ದದ ಕಾಲುಭಾಗದಷ್ಟು ಈಚೆಗೆ. ಗಂಡಸರ ಆಧಾರಷಡ್ಜವು ಸಾಮಾನ್ಯವಾಗಿ ಸೆಕೆಂಡಿಗೆ 130–140 ಕಂಪನ. ಅದರ ಅಲೆಯು ಎಂಟು ಅಡಿಗೂ ಮೇಲು, ಕಾಲುಭಾಗವೆಂದರೆ ಎರಡಡಿ. ಅರ್ಧ ಅಂಗುಲದ ಬಟ್ಟೆಯನ್ನು ಗೋಡೆಗೆ ಅಂಟಿಸಿದರೆ ಈ ಅಲೆಗೆ ಅದು ಇದ್ದೂ ಇಲ್ಲದಂತೆ. ಎರಡಂಗುಲದ ನಾರುಹಲಗೆಯ ಹಿಂದೆ ಎರಡಂಗುಲ ಬರಿಯ ಗಾಳಿಯನ್ನು ಬಿಟ್ಟರೆ 400–500 ಕಂಪನಗಳಿಂದ ಮೇಲಿನ ನಾದಗಳೆಲ್ಲ ಚೆನ್ನಾಗಿ ಸಿಕ್ಕಿಬೀಳುವುವು. ಅದಕ್ಕಿಂತ ತಗ್ಗಿದವು ಪಾಲು ಪಾಲಾಗಿ. ಹಿಂದಿನ ಗಾಳಿಗೆ ಬೆಲೆಯಿಲ್ಲ, ಫಲ ಮಾತ್ರ ಬಹಳ. ಇಷ್ಟು ಅಗ್ಗದ ಸಾಮಗ್ರಿ ಬೇರೆ ಯಾವ ಮನೆಗೆಲಸದಲ್ಲಿಯೂ ನಮಗೆ ದೊರೆತಿಲ್ಲ.

ತೆಳುವಾದ ಫೋಮನ್ನು ಗೋಡೆಯ ತುಂಬ ಮೆತ್ತಿದರೆ ಆಗುವ ಕೇಡನ್ನು ಮೃದಂಗದವರು ಬೇಗ ಗುರುತಿಸುವರು. ಮೃದಂಗದ ಬಲಗಡೆಯ ಮುಚ್ಚಿಗೆಯಲ್ಲಿ ಕರಣೆಯ ದೆಸೆಯಿಂದ ಉಪಸ್ವರಗಳು ಒಂದಕ್ಕೊಂದು ಶ್ರುತಿಸೇರಿ ಹೊರಡುವುವೆಂಬುದನ್ನು ಸರ್ ಸಿ. ವಿ. ರಾಮನ್ನರು 1920ರಲ್ಲಿಯೇ ಲೋಕಕ್ಕೆ ತಿಳಿಸಿದರು. ತೆಳು ಫೋಮು ನುಂಗುವುದು ಈ ಮೇಲಿನ ಉಪಸ್ವರಗಳನ್ನೇ. ಎಡಗಡೆಯ ತಗ್ಗುನಾದವು ಅದನ್ನು ದಾಟಿ ಗೋಡೆಗೆ ಬಡಿದು ಹಾಗೆಯೇ ಮರಳುವುದು. ಕೊನೆಗೆ ನಾದದ ಕಾಂತಿ ಹೋಗಿ ಗುಮುಗುಮು ಮಾತ್ರ ಉಳಿಯುವುದು. ಪಿಟೀಲಿನವರಿಗೆ ವಾದ್ಯವು ಮಂಕಾದಂತೆ ತೋರಿ, ಕಮಾನನ್ನು ಒತ್ತಿ ಎಳೆಯುವ ದುರಭ್ಯಾಸವು ಅಂಟಿಕೊಳ್ಳುವುದು.

ಫೋಮಿನ ಬಗ್ಗೆ ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ. 2003ನೆಯ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದ ವೆಸ್ಟ್ ವಾರ್ವಿಕ್ ಎಂಬಲ್ಲಿ ದಿ ಸ್ಟೇಷನ್ ಎಂಬ ಸಂಗೀತದ ವಿಹಾರಗೃಹದಲ್ಲಿ, ಬಿರುಸುಬಾಣದ ಕಿಡಿಯು ವೇದಿಕೆಯ ಸುತ್ತಲಿನ ಗೋಡೆಗೆ ಹಚ್ಚಿದ್ದ ಪಾಲಿಯುರೆಥೇನ್ ಫೋಮಿಗೆ ತಗುಲಿತು. ನಿಮಿಷಗಳಲ್ಲಿ ಕಟ್ಟಡವು ಹೊಗೆಯಿಂದ ತುಂಬಿ ನೂರು ಮಂದಿ ಸತ್ತರು. 2013ನೆಯ ಜನವರಿ 27ರಂದು ಬ್ರೆಜಿಲಿನ ಸಾಂತಾ ಮರಿಯಾದ ಕಿಸ್ ಎಂಬ ವಿಹಾರಗೃಹದಲ್ಲಿಯೂ ಇದೇ ಬಗೆಯ ಫೋಮು ಹತ್ತಿಕೊಂಡು 242 ಮಂದಿ ಮಡಿದರು. ನಮ್ಮ ಮನೆಗಳಲ್ಲಿ ಬಿರುಸುಬಾಣ ಬಿಡುವವರಿಲ್ಲ, ನಿಜ. ಆದರೆ ಸಂಗೀತದ ಕೊಠಡಿಯಲ್ಲಿ ಸರಸ್ವತಿಯ ಪಟವಿರುವುದು, ಅದರ ಮುಂದೆ ದೀಪ ಉರಿಯುವುದು, ಊದುಬತ್ತಿ ಹೊಗೆಯಾಡುವುದು. ಹಾಸಿಗೆಯ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಫೋಮನ್ನು ಮಕ್ಕಳು ಕುಳಿತುಕೊಳ್ಳುವ ಕೊಠಡಿಯ ಗೋಡೆಗೆ ಹಚ್ಚಲು ನಾವು ಎಂದಿಗೂ ಸಮ್ಮತಿಸುವುದಿಲ್ಲ.

ಹಾಗಾದರೆ ಯಾವುದು ಒಳ್ಳೆಯದು? ಕಲ್ಲುನಾರಿನ ಹಲಗೆ, ಅಂದರೆ ರಾಕ್‌ವೂಲ್, ಬೆಂಕಿಗೆ ಉರಿಯದು, ಗೆದ್ದಲಿಗೆ ಆಹಾರವಾಗದು, ನಾದವನ್ನು ಚೆನ್ನಾಗಿ ಹೀರುವುದು. ಘನಮೀಟರಿಗೆ 48 ಅಥವಾ 64 ಕಿಲೋಗ್ರಾಮು ಸಾಂದ್ರತೆಯ ಎರಡಂಗುಲದ ಹಲಗೆಗಳನ್ನು ಕೇಳಿ ಕೊಳ್ಳಬೇಕು. ಕಟ್ಟಡಗಳ ಶಾಖನಿರೋಧದ ಸಾಮಾನು ಮಾರುವವರಲ್ಲಿ ದೊರೆಯುವುದು. ಉಣ್ಣೆಯ ದಪ್ಪ ಕಂಬಳಿಗಳನ್ನು ಪದರ ಪದರವಾಗಿ ಮಡಿಸಿಡುವುದೂ ಒಳ್ಳೆಯದೇ; ಉಣ್ಣೆಯು ಬೇಗನೆ ಹೊತ್ತಿಕೊಳ್ಳುವುದಿಲ್ಲ, ಆದರೆ ನುಸಿಯ ಕಾಟವುಂಟು. ಹಳೆಯ ಹಾಸಿಗೆಯ ಹತ್ತಿಯನ್ನು ಹಿಂಜಿಸಿ ತುಂಬಬಹುದೆಂದು ಕೆಲವರು ಬರೆದಿರುವರು. ಹೀರುವ ಗುಣದಲ್ಲಿ ಹತ್ತಿಗೆ ಕೊರತೆಯಿಲ್ಲ. ಕಿಡಿ ಬಿದ್ದರೆ ಒಳಗೊಳಗೇ ಕನಲುವ ಸ್ವಭಾವವಿರುವುದರಿಂದ ದೀಪವನ್ನೇ ಹಚ್ಚದ, ವಿದ್ಯುತ್ತಿನ ಬಿರಡೆಗಳಿಂದ ದೂರವಾದ ಗೋಡೆಗೆ ಮಾತ್ರ ಅದು ಸಲ್ಲುವುದು.

ಕಲ್ಲುನಾರನ್ನು ಮುಟ್ಟುವಾಗ ಎಚ್ಚರ ಬೇಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2002ರ ತನ್ನ ಗ್ರಂಥದಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರು ತರುವುದೆಂದು ವರ್ಗೀಕರಿಸಲಾಗದ ವಸ್ತುಗಳ ಗುಂಪಿಗೆ ಸೇರಿಸಿದೆ, ಹೆದರಬೇಕಾದುದಿಲ್ಲ. ಆದರೂ ಅದರ ಎಳೆಗಳು ಚರ್ಮಕ್ಕೆ ತುರಿಕೆಯನ್ನೂ ಕಣ್ಣು ಗಂಟಲುಗಳಿಗೆ ಉರಿಯನ್ನೂ ತರುವುವು. ತುಂಬುತೋಳಿನ ಅಂಗಿ, ಕೈಚೀಲ, ಮುಖವಸ್ತ್ರ, ಕನ್ನಡಕಗಳನ್ನು ಧರಿಸಿ ತಾರಸಿಯ ಮೇಲೆ ಕೆಲಸಮಾಡುವುದು ಲೇಸು. ಹಾಡುವವರಂತೂ ಮುಖವಸ್ತ್ರವಿಲ್ಲದೆ ಹತ್ತಿರ ಸುಳಿಯಬಾರದು. ಗಂಟಲು ಅವರ ಬಂಡವಾಳ. ಮಕ್ಕಳು ಆ ದಿನ ಬೇರೆ ಕಡೆ ಆಡಲಿ. ಕೆಲಸದ ಬಟ್ಟೆಗಳನ್ನು ಮನೆಯ ಇತರ ಬಟ್ಟೆಗಳೊಡನೆ ಒಗೆಯಬಾರದು.

ಹಲಗೆಯನ್ನು ಮೊದಲು ಕೊಂಡು, ಅದನ್ನು ಅಳೆದು, ಆಮೇಲೆ ಮರವನ್ನು ಕೊಯ್ಯಿಸಬೇಕು. ಅಂಗಡಿಯವರು ಎರಡಡಿಯೆಂದು ಹೇಳಿದ ಹಲಗೆಯು ನಿಜವಾಗಿ ಎಷ್ಟಿರುವುದೋ ಬಲ್ಲವರಾರು? ನಾರುಹಲಗೆಯು ಸರಿಯಾಗಿ 48 ಅಂಗುಲ ಉದ್ದ, 24 ಅಂಗುಲ ಅಗಲವಿದ್ದರೆ, ನಾಲ್ಕಂಗುಲ ಅಗಲ, ಮುಕ್ಕಾಲಂಗುಲ ದಪ್ಪದ ಪಟ್ಟಿಗಳಲ್ಲಿ ನಲವತ್ತೊಂಬತ್ತೂವರೆ ಅಂಗುಲದ ಎರಡನ್ನೂ 24 ಅಂಗುಲದ ಎರಡನ್ನೂ ಕೊಯ್ಯಿಸತಕ್ಕದ್ದು. ತೇಗ ಹೊನ್ನೆಗಳ ಆಡಂಬರ ಬೇಡ. ಸಿಲ್ವರ್ ಓಕ್ ಅಥವಾ ಸಾಮಾನುಪೆಟ್ಟಿಗೆಯ ಪೈನ್ ಮರವು ಒಣಗಿದ್ದು ನೇರವಾಗಿದ್ದರೆ ಸಾಕು. ಗಿಡ್ಡ ಪಟ್ಟಿಗಳನ್ನು ಉದ್ದ ಪಟ್ಟಿಗಳ ನಡುವೆ ನಿಲ್ಲಿಸಿ, ತುದಿಗೆ ಮರದ ಅಂಟನ್ನು ಸವರಿ, ಮೂಲೆಗೆ ಎರಡೆರಡು ತಿರುಪುಮೊಳೆಗಳನ್ನು ಹಾಕಬೇಕು. ತಿರುಪಿಗೆ ಮುಂಚೆ ಸಣ್ಣ ರಂಧ್ರವನ್ನು ಕೊರೆಯದಿದ್ದರೆ ಪಟ್ಟಿಯ ತುದಿ ಸೀಳಿಹೋಗುವುದು. ಅಂಟು ಒಣಗುವ ಮೊದಲು ಮೂಲೆಮಟ್ಟವನ್ನಿಟ್ಟು ನೋಡಿರಿ; ಅದಿಲ್ಲದಿದ್ದರೆ ಮೂಲೆಯಿಂದ ಮೂಲೆಗೆ ಎರಡು ಕಡೆಯೂ ದಾರ ಹಿಡಿದು ಅಳೆಯಿರಿ. ಎರಡು ಅಳತೆಗಳೂ ಒಂದೇ ಆದರೆ ಚೌಕಟ್ಟು ನೆಟ್ಟಗಿರುವುದು. ಅಲ್ಲದಿದ್ದರೆ ಉದ್ದವಾದ ಕಡೆಯ ಮೂಲೆಗಳನ್ನು ಮೆಲ್ಲಗೆ ಒತ್ತಿ ಸರಿಪಡಿಸಬಹುದು.

ಚೌಕಟ್ಟಿನ ಒಳಮೈಯಲ್ಲಿ, ಮುಂಭಾಗದ ಅಂಚಿನಿಂದ ಎರಡಂಗುಲ ಹಿಂದಕ್ಕೆ, ಅರ್ಧ ಅಂಗುಲದ ರೀಪುಗಳನ್ನು ನಾಲ್ಕು ಕಡೆಯೂ ಹೊಡೆಯಬೇಕು. ನಾರುಹಲಗೆಯು ಮುಂದಿನಿಂದ ಒಳಗೆ ಕುಳಿತು ಈ ರೀಪುಗಳಿಗೆ ಆತುಕೊಳ್ಳುವುದು. ಅದರ ಹಿಂದೆ ಎರಡಂಗುಲದ ಗಾಳಿಯು ತಾನಾಗಿಯೇ ಉಳಿಯುವುದು. ಹಲಗೆಯು ನಡುವಿನಲ್ಲಿ ಹಿಂದಕ್ಕೆ ಜೋಲದಂತೆ ರೀಪಿನಿಂದ ರೀಪಿಗೆ ಗಟ್ಟಿಯಾದ ಹುರಿಯನ್ನು ಕತ್ತರಿಯಾಕಾರವಾಗಿ ಬಿಗಿದರಾಯಿತು. ನಾರುಹಲಗೆಯನ್ನು ಒಳಗಿಡುವ ಮುನ್ನ ತೆಳುವಾದ ಮಲ್ಲು ಬಟ್ಟೆಯಲ್ಲಿ ಮಗುವನ್ನು ಸುತ್ತುವಂತೆ ಪೂರ್ತಿಯಾಗಿ ಸುತ್ತಿ ಹೊಲಿದುಬಿಡಬೇಕು. ಈ ಒಳಬಟ್ಟೆಯನ್ನು ಬಿಟ್ಟವರ ಕೊಠಡಿಯಲ್ಲಿ ದಿನಕಳೆದಂತೆ ನಾರಿನ ಪುಡಿ ಉದುರುವುದು. ಈ ಒಂದು ವಿಷಯದಲ್ಲಿ ಉಳಿತಾಯ ಕೂಡದು.

ಹೊರಬಟ್ಟೆಯನ್ನು ಆರಿಸುವಲ್ಲಿ ಗೃಹಿಣಿಯರ ಮಾತೇ ನಡೆಯಲಿ. ಬಣ್ಣವು ಅವರ ಇಷ್ಟ, ನೆಯ್ಗೆ ಮಾತ್ರ ನಮ್ಮ ಷರತ್ತು. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿದರೆ ಉಸಿರು ಸಲೀಸಾಗಿ ಆಚೆಗೆ ಹೋಗಬೇಕು. ಖಾದಿ, ಕೈಮಗ್ಗದ ಹತ್ತಿಯ ಬಟ್ಟೆ, ನವೆದುಹೋಗದ ಹಳೆಯ ನೂಲಿನ ಸೀರೆ ಎಲ್ಲವೂ ಆಗುವುದು. ರೆಕ್ಸಿನ್ನೂ ಮೇಣದ ಬಟ್ಟೆಯೂ ಆಗದು. ಬಟ್ಟೆಯ ಮೇಲೆ ಎಣ್ಣೆಯ ಬಣ್ಣದಲ್ಲಿ ಚಿತ್ರ ಬರೆದರೆ ಸಂದುಗಳು ಮುಚ್ಚಿ ಪಟ್ಟ ಶ್ರಮವು ವ್ಯರ್ಥವಾಗುವುದು. ಗೋಣಿತಟ್ಟಿನಲ್ಲಿ ಗಾಳಿ ಚೆನ್ನಾಗಿ ಹೋಗುವುದಾದರೂ ಅದರ ವಾಸನೆ, ಉದುರುವ ಜೂಲು, ಬೇಗನೆ ಉರಿಯುವ ಗುಣ ಇವು ನಮಗೆ ಹಿಡಿಸುವುದಿಲ್ಲ. ಬಟ್ಟೆಯನ್ನು ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿಮಾಡಿಕೊಳ್ಳಬೇಕು. ಚೌಕಟ್ಟೊಂದಕ್ಕೆ 36 ಅಂಗುಲ ಪನ್ನದ ಬಟ್ಟೆ 1.6 ಮೀಟರು ಬೇಕಾಗುವುದು. ಅದನ್ನು ನೆಲದ ಮೇಲೆ ಹರಡಿ ಚೌಕಟ್ಟನ್ನು ಬೋರಲಾಗಿಟ್ಟು, ಉದ್ದ ಪಟ್ಟಿಯ ನಡುವಿನಲ್ಲಿ ಒಂದು ಮೊಳೆ, ಎದುರು ಪಟ್ಟಿಯ ನಡುವಿನಲ್ಲಿ ಎಳೆದು ಇನ್ನೊಂದು, ಹೀಗೆ ನಡುವಿನಿಂದ ಮೂಲೆಗಳ ಕಡೆಗೆ ಎದುರುಬದುರಾಗಿ ಸಾಗಬೇಕು. ಒಂದು ಕಡೆಯನ್ನು ಮುಗಿಸಿಯೇ ಇನ್ನೊಂದಕ್ಕೆ ಹೋದರೆ ಬಟ್ಟೆಯ ಗೆರೆಗಳು ಸೊಟ್ಟಗಾಗುವುವು. ಸ್ಟೇಪಲ್ ಗನ್ನು ಇರುವವರಿಗೆ ಇದು ಹತ್ತು ನಿಮಿಷದ ಕೆಲಸ.

ಎಲ್ಲವೂ ಸೇರಿ ಚೌಕಟ್ಟಿನ ತೂಕ ಐದಾರು ಕಿಲೋ ಆಗುವುದು. ಗೋಡೆಗೆ ರಂಧ್ರ ಕೊರೆದು ಬಿರಡೆಯಿಟ್ಟು ಎರಡು ತಿರುಪುಗಳ ಮೇಲೆ ಪಟದಂತೆ ತೂಗಿಸಬಹುದು. ಬಾಡಿಗೆಯ ಮನೆಯವರು ಗೋಡೆಯ ಮಾಲೀಕರನ್ನು ಕೇಳಿಕೊಳ್ಳಲಿ. ಅವರು ಒಪ್ಪದಿದ್ದರೆ ಎರಡು ಚೌಕಟ್ಟುಗಳನ್ನು ಕೀಲು ಹಾಕಿ ಜೋಡಿಸಿ ಮಡಿಸುವ ತೆರೆಯಂತೆ ನಿಲ್ಲಿಸಬಹುದು. ಮನೆ ಬದಲಾಯಿಸುವಾಗ ಅವೂ ಜೊತೆಗೆ ಹೊರಡುವುವು.

ತೂಗುವ ಎತ್ತರದಲ್ಲಿ ಪಾಶ್ಚಾತ್ಯರ ಪುಸ್ತಕಗಳನ್ನು ನಂಬಬಾರದು. ಅವರು ಕುರ್ಚಿಯಲ್ಲಿ ಕುಳಿತು ಅಥವಾ ನಿಂತು ನುಡಿಸುವವರು. ನಮ್ಮವರು ಚಾಪೆಯ ಮೇಲೆ ಕುಳಿತುಕೊಳ್ಳುವವರು. ಕುಳಿತವರ ಕಿವಿಯು ನೆಲದಿಂದ ಎರಡೂವರೆ ಅಡಿಯಷ್ಟು ಎತ್ತರದಲ್ಲಿರುವುದು. ಆದುದರಿಂದ ಚೌಕಟ್ಟಿನ ಕೆಳಗಿನ ಅಂಚು ನೆಲದಿಂದ ಒಂದಡಿಯಷ್ಟೆ ಮೇಲಿರಲಿ. ಸ್ಥಳವನ್ನು ಗೊತ್ತುಮಾಡಲು ಕನ್ನಡಿಯೊಂದು ಸಾಕು. ಹಾಡುವವರು ತಮ್ಮ ಸ್ಥಳದಲ್ಲಿ ಕುಳಿತಿರಲಿ. ಇನ್ನೊಬ್ಬರು ಗೋಡೆಗೆ ಒತ್ತಿದಂತೆ ಕನ್ನಡಿಯನ್ನು ಸರಿಸುತ್ತ ಹೋಗಲಿ. ಕುಳಿತವರಿಗೆ ತಮ್ಮ ಮುಖವಾಗಲಿ ವಾದ್ಯವಾಗಲಿ ಕನ್ನಡಿಯಲ್ಲಿ ಎಲ್ಲಿ ಕಾಣುವುದೋ ದನಿಯು ಅಲ್ಲಿಂದಲೇ ಮೊದಲು ಮರಳುವುದು. ಅಲ್ಲಿ ಚೌಕಟ್ಟು ಇರಲಿ. ಎದುರುಗೋಡೆಗೆ ಎರಡು, ಎಡಬಲಗಳಿಗೆ ಎರಡೆರಡು; ಆದರೆ ಎಡಗೋಡೆಯ ಚೌಕಟ್ಟಿನ ಎದುರಿಗೆ ಬಲಗೋಡೆಯ ಬರಿಯ ಭಾಗ ಬರುವಂತೆ ಸ್ವಲ್ಪ ಹಿಂದುಮುಂದಾಗಿದ್ದರೆ ಚಪ್ಪಾಳೆ ತಟ್ಟಿದಾಗ ಕೇಳುವ ಕಿಣಿಕಿಣಿಯು ಪೂರ್ತಿ ಅಡಗುವುದು. ಉಳಿದ ಎರಡನ್ನು ಕೊಠಡಿಯ ಎರಡು ಮೂಲೆಗಳಿಗೆ ಅಡ್ಡಲಾಗಿ ನಿಲ್ಲಿಸಿ. ತಗ್ಗುನಾದಗಳ ಒತ್ತಡವು ಮೂಲೆಗಳಲ್ಲಿ ಕೂಡಿಕೊಳ್ಳುವುದರಿಂದಲೂ, ಅಡ್ಡ ನಿಂತ ಚೌಕಟ್ಟಿನ ಹಿಂದೆ ಅಡಿಗೂ ಮಿಕ್ಕ ಗಾಳಿ ಸಿಗುವುದರಿಂದಲೂ ಮೃದಂಗ, ತಬಲಗಳ ಗುಮುಗುಮುವಿಗೆ ಇದೇ ಮದ್ದು.

ಬೆನ್ನ ಹಿಂದಿನ ಗೋಡೆಯನ್ನು ಬರಿದಾಗಿಯೇ ಬಿಡಬೇಕೆಂದು ನಮ್ಮ ಸಲಹೆ. ಪುಸ್ತಕದ ಕಪಾಟು ಇದ್ದರೆ ಇನ್ನೂ ಲೇಸು. ಉತ್ಸಾಹದಿಂದ ಹದಿನಾರು ಚೌಕಟ್ಟುಗಳನ್ನು ಮಾಡಿ ಕೊಠಡಿಯನ್ನು ಮೂಕವಾಗಿಸಿದರೆ ಹಾಡುವವರಿಗೆ ತಮ್ಮ ದನಿ ತಮಗೇ ಕೇಳಿಸದೆ ಗಂಟಲನ್ನು ಹಿಂಡತೊಡಗುವರು; ತಂಬೂರಿಯ ಜೀವಾಳವೂ ಸೊರಗುವುದು. ಆದುದರಿಂದ ಮೊದಲು ನಾಲ್ಕನ್ನು ಮಾಡಿ ವಾರವಿಡೀ ಅಭ್ಯಾಸಮಾಡಿ, ಗುರುಗಳನ್ನೊಮ್ಮೆ ಮನೆಗೆ ಕರೆದು ಕೇಳಿಸಿ, ಬೇಕೆನಿಸಿದರೆ ಉಳಿದವನ್ನು ಮಾಡುವುದು.

ಇನ್ನು ನೆರೆಯವರ ವಿಚಾರ. ಮೇಲೆ ಹೇಳಿದ ಲೆಕ್ಕದಂತೆ ಹೀರುವ ಶಕ್ತಿಯು 24ರಿಂದ 98ಕ್ಕೆ ಏರಿದಾಗ ಗೋಡೆಗಳಿಂದ ಮರಳಿ ಕೊಠಡಿಯನ್ನು ತುಂಬುವ ದನಿಯು ಸುಮಾರು ಕಾಲುಭಾಗಕ್ಕೆ ಇಳಿಯುವುದು. ಕಿವಿಗೆ ಇದು ಆರು ಡೆಸಿಬೆಲ್ಲಿನ ಇಳಿತ. ಒಳಗಿರುವವರ ಕಿವಿಗೆ ದೊಡ್ಡ ಉಪಕಾರ, ಆಚೆಯ ಮನೆಗೆ ಅಲ್ಪ. ಅಲ್ಲಿಗೆ ಹೋಗುವ ದನಿಯಲ್ಲಿ ಬಹುಪಾಲು ಬಾಗಿಲ ಕೆಳಗಿನ ಸಂದಿನಿಂದಲೂ ಕಿಟಕಿಯ ಬಿರುಕುಗಳಿಂದಲೂ ನುಸುಳುವುದು. ಟೊಳ್ಳಾದ ಬಾಗಿಲನ್ನು ಗಟ್ಟಿಮರದ ಬಾಗಿಲಾಗಿ ಬದಲಾಯಿಸಿ, ಸುತ್ತ ರಬ್ಬರಿನ ಪಟ್ಟಿಯನ್ನು ಒತ್ತಿ, ಹೊಸಿಲ ಸಂದನ್ನು ಮುಚ್ಚಿದರೆ ಎಂಟು ಚೌಕಟ್ಟುಗಳಿಂದಾಗದ ಉಪಕಾರ ಅದರಿಂದಾಗುವುದು. ಆದರೆ ಕಾಂಕ್ರೀಟಿನ ಮೂಲಕ ಹೋಗುವ ಮೃದಂಗದ ಪೆಟ್ಟನ್ನು ಇವಾವುವೂ ನಿಲ್ಲಿಸಲಾರವು. ವಾದ್ಯದ ಅಡಿಯಲ್ಲಿ ದಪ್ಪ ಮೆತ್ತೆಯನ್ನು ಹಾಕಿದರೆ ಸ್ವಲ್ಪ ತಗ್ಗುವುದು. ಆ ತಾಯಿಯವರಿಗೆ ನಾವು ಸೂಚಿಸುವುದೇನೆಂದರೆ, ಮೇಲಿನ ಮನೆಯವರನ್ನೂ ಕೆಳಗಿನ ಮನೆಯವರನ್ನೂ ಒಂದು ಸಂಜೆ ಕಾಫಿಗೆ ಕರೆದು, ಹುಡುಗಿಯ ಕೈಯಲ್ಲಿ ಎರಡು ಕೀರ್ತನೆ ನುಡಿಸಿ, ಬೆಳಗಿನ ಆರು ಗಂಟೆಯನ್ನು ಏಳಕ್ಕೆ ಸರಿಸಬಹುದೆ ಎಂದು ನೀವಾಗಿಯೇ ಕೇಳಿರಿ.

ಚೌಕಟ್ಟುಗಳ ಪೋಷಣೆಗೆ ಹೆಚ್ಚು ಶ್ರಮವಿಲ್ಲ. ತಿಂಗಳಿಗೊಮ್ಮೆ ಬಟ್ಟೆಯ ಮೇಲಿನ ಧೂಳನ್ನು ಮೃದುವಾದ ಕುಂಚದಿಂದ ತೆಗೆಯಬೇಕು, ಕೋಲಿನಿಂದ ಬಡಿಯಬಾರದು. ಮಲೆನಾಡಿನವರೂ ಕರಾವಳಿಯವರೂ ಚೌಕಟ್ಟಿನ ಹಿಂದಿನ ಅಂಚಿಗೆ ನಾಲ್ಕು ಮೂಲೆಗಳಲ್ಲಿ ಅರ್ಧ ಅಂಗುಲದ ಮರದ ತುಂಡುಗಳನ್ನು ಅಂಟಿಸಿ ಗೋಡೆಯಿಂದ ಸ್ವಲ್ಪ ಈಚೆಗೆ ತೂಗಿಸತಕ್ಕದ್ದು; ಮಳೆಗಾಲದಲ್ಲಿ ತೇವ ಜಿನುಗುವ ಗೋಡೆಗೆ ಮಾತ್ರ ತೂಗಿಸಲೇ ಬಾರದು, ಬೂಷ್ಟು ಹಿಡಿದ ನಾರಿನ ಗಾಳಿಯು ಹಾಡುವವರ ಎದೆಗೆ ಒಳ್ಳೆಯದಲ್ಲ. ದೇವರ ದೀಪಕ್ಕೂ ಬಟ್ಟೆಗೂ ಮೂರಡಿಯಾದರೂ ಅಂತರವಿರಲಿ. ಆಷಾಢ ಕಳೆದ ಮೇಲೆ ಒಮ್ಮೆ ಎಲ್ಲವನ್ನೂ ಕೆಳಗಿಳಿಸಿ, ಹಿಂಬದಿಯನ್ನು ಮೂಸಿನೋಡಿ, ಅರ್ಧದಿನ ಬಿಸಿಲಿಗೆ ಒರಗಿಸಿಟ್ಟು ಮತ್ತೆ ತೂಗಿಸುವುದು.